ಎಣ್ಣೆ ಹಚ್ಚಿದ ಹಿಡಿ

ನಾನು ಒಂದು ಗದೆ. ನಾಟಕದವರು ಭೀಮನ ಕೈಗೆ ಕೊಡುತ್ತಾರಲ್ಲ, ರಟ್ಟಿಗೆ ಬಂಗಾರದ ಬಣ್ಣ ಬಳಿದದ್ದು, ಆ ಜಾತಿಯದಲ್ಲ. ನಾನು ಗರಡಿ ಮನೆಯ ಗದೆ, ಅಪ್ಪಟ ಜಾಲಿ ಮರ. ಕೆಳಗೆ ಕುಂಬಳಕಾಯಿಯಷ್ಟು ದಪ್ಪನೆಯ ತಲೆ, ಮೇಲೆ ಹೋಗುತ್ತ ಹೋಗುತ್ತ ಸಣ್ಣಗಾಗಿ ಮುಷ್ಟಿಗೆ ಸಿಗುವಷ್ಟು ಹಿಡಿ. ನನ್ನನ್ನು ಎತ್ತಿ, ಹೆಗಲ ಮೇಲಿಂದ ಬೆನ್ನಿಗಿಳಿಸಿ, ಮತ್ತೆ ಮುಂದಕ್ಕೆ ಬೀಸಿ ತರಬೇಕು. ಅದೇ ನನ್ನ ಕೆಲಸ, ಅದೇ ನನ್ನ ಬದುಕು. ಹೊಸಬರು ಯಾರಾದರೂ ಬಂದು 'ಇದೇನು, ಒನಕೆಯಾ?' ಎಂದು ಕೇಳಿದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ನಂಜನಗೂಡಿನ ಕಡೆ ಎತ್ತಿನ ಗಾಡಿಯ ಚಕ್ರ ಮಾಡುತ್ತಿದ್ದ ಬಡಗಿಯೊಬ್ಬನ ಕೊಟ್ಟಿಗೆಯಲ್ಲಿ ನಾನು ಹುಟ್ಟಿದೆ. ಚಕ್ರಕ್ಕೆಂದು ತಂದ ದಿಮ್ಮಿಯಲ್ಲಿ ಒಂದು ತುಂಡು ಮಿಕ್ಕಿತ್ತು. ಮೈಸೂರಿನ ಗರಡಿಯೊಂದರ ಉಸ್ತಾದ್ ಮುದ್ದಯ್ಯ ಅದನ್ನು ನೋಡಿ, "ಇದನ್ನ ಒಲೆಗೆ ಹಾಕಿಗೀಕೀಯ, ನಮ್ಗೊಂದು ಗದೆ ಮಾಡ್ಕೊಡಪ್ಪ" ಎಂದನಂತೆ. ಹಾಗೆ ಒಲೆಯ ಬಾಯಿಂದ ತಪ್ಪಿಸಿಕೊಂಡು ಬಂದೆ. ಬಡಗಿ ಬಾಚಿಯಿಂದ ಕೆತ್ತಿದ, ಉಜ್ಜಿದ, ನನ್ನ ತಲೆಗೆ ಹರಳೆಣ್ಣೆ ಕುಡಿಸಿ ನೆರಳಲ್ಲಿ ಒಣಗಿಸಿದ. ಹಿಡಿಗೆ ಮಾತ್ರ ಒಂದು ತೊಟ್ಟೂ ತಾಗಿಸಲಿಲ್ಲ. "ಹಿಡಿ ಜಾರಿದ್ರೆ ಇನ್ನೊಬ್ಬನ ಪ್ರಾಣಕ್ಕೆ ಬತ್ತದೆ" ಎಂದು ಹೇಳಿ, ಎಣ್ಣೆಯ ಬಟ್ಟೆಯನ್ನು ದೂರ ಎಸೆದ. ಆ ಮಾತು ನನಗೆ ಆಗ ಅಷ್ಟಾಗಿ ಮನಸ್ಸಿಗೆ ಹತ್ತಲಿಲ್ಲ.

ಗರಡಿ ಎಂದರೆ ಹೆಂಚಿನ ಮಾಡಿನ ಒಂದೇ ಕೋಣೆ. ಬಾಗಿಲು ಗಿಡ್ಡ, ಎಂಥ ಪೈಲ್ವಾನನೂ ತಲೆ ಬಗ್ಗಿಸಿಯೇ ಒಳಗೆ ಬರಬೇಕು. ನಡುವೆ ಅಗೆದು ಹದ ಮಾಡಿದ ಕೆಮ್ಮಣ್ಣು. ಅದಕ್ಕೆ ಮಜ್ಜಿಗೆ, ಅರಿಸಿನ, ನಿಂಬೆರಸ ಎಲ್ಲ ಬೆರೆಸಿ ಕಲಸಿರುತ್ತಾರೆ. ಅದನ್ನೇ ಮಟ್ಟಿ ಎನ್ನುವುದು. ಗೋಡೆಯ ಗೂಡಿನಲ್ಲಿ ಆಂಜನೇಯನ ಪಟ. ಅದರ ಕೆಳಗೆ ನಾನು. ನನ್ನನ್ನು ಎತ್ತುವ ಮೊದಲು ಎರಡೂ ಅಂಗೈಗೆ ಮಟ್ಟಿ ಉಜ್ಜಿಕೊಂಡು, ನನಗೆ ಕೈ ಮುಗಿದು, ಆಮೇಲೆ ಹಿಡಿಯಬೇಕು. ಮಟ್ಟಿ ಉಜ್ಜಿದ ಕೈ ಜಾರುವುದಿಲ್ಲ. ಬೆವರಿದರೂ ಜಾರುವುದಿಲ್ಲ.

ನನಗೆ ಜನರ ಮುಖಕ್ಕಿಂತ ಅಂಗೈಯೇ ಹೆಚ್ಚು ಪರಿಚಯ. ಮುದ್ದಯ್ಯನದು ಒರಟು ಕೈ, ಆದರೆ ಅವಸರ ಇಲ್ಲದ್ದು. ಅವನ ಶಿಷ್ಯ ಕೆಂಪಣ್ಣ ಮೊದಲ ಸಲ ನನ್ನನ್ನು ಹಿಡಿದಾಗ ನನಗೆ ಉಸಿರು ಕಟ್ಟಿದಂತಾಯಿತು. ಅಬ್ಬಾ, ಏನು ಹಿಡಿತ! ಅಂಥ ಮುಷ್ಟಿಯನ್ನು ನಾನು ಮತ್ತೆ ಕಾಣಲಿಲ್ಲ. ಎದುರಾಳಿಯ ಮಣಿಕಟ್ಟು ಒಮ್ಮೆ ಅವನ ಕೈಗೆ ಸಿಕ್ಕಿತೆಂದರೆ ಮುಗಿಯಿತು, ಬಿಡಿಸಿಕೊಂಡವರಿಲ್ಲ. ದಸರಾ ಕುಸ್ತಿಯಲ್ಲಿ ಜನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದದ್ದುಂಟು. ಗೆದ್ದು ಬಂದವನು ಮೊದಲು ನನ್ನ ಮುಂದೆ ನಿಂತು ಕೈ ಮುಗಿಯುತ್ತಿದ್ದ. ನಾನು ಉಬ್ಬಿ ಹೋಗುತ್ತಿದ್ದೆ. ಈ ಮುಷ್ಟಿ ನಾನು ಕೊಟ್ಟದ್ದು ಎಂಬ ಜಂಬ ನನಗೆ. ಸುಳ್ಳೇನಲ್ಲ.

ಮುದ್ದಯ್ಯ ತೀರಿಕೊಂಡ ಮೇಲೆ ಕೆಂಪಣ್ಣನೇ ಉಸ್ತಾದ್ ಆದ. ಗುರುವಿನಿಂದ ಬಂದ ಒಂದು ಪದ್ಧತಿಯನ್ನು ಅವನೂ ಬಿಡಲಿಲ್ಲ. ಸಾಮು ಮುಗಿದ ಮೇಲೆ ಹುಡುಗರೆಲ್ಲ ಸಾಲಾಗಿ ಕೈ ಚಾಚಿ ನಿಲ್ಲಬೇಕು. ಉಸ್ತಾದ್ ಒಬ್ಬೊಬ್ಬರ ಮುಂಗೈಯನ್ನೂ ಹೆಬ್ಬೆರಳಿನಿಂದ ಅದುಮಿ ನೋಡುತ್ತಾನೆ. ಬೆರಳು ಮಾಂಸದೊಳಗೆ ಇಳಿದರೆ, "ಥೂ, ಹಿಟ್ಟು ಕಣ್ಲಾ! ಇನ್ನೂ ಹಸಿ ಹಿಟ್ಟು!" ಎಂದು ತಲೆಗೊಂದು ಮೊಟಕುತ್ತಾನೆ. ಇಳಿಯದಿದ್ದರೆ, "ಕಲ್ಲು! ಕಲ್ಲು ಕಣ್ಲಾ ಇದು!" ಎಂದು ಬೆನ್ನು ತಟ್ಟುತ್ತಾನೆ. ಆ 'ಕಲ್ಲು' ಎಂಬ ಒಂದು ಮಾತಿಗಾಗಿ ಹುಡುಗರು ವರ್ಷಗಟ್ಟಲೆ ನನ್ನನ್ನು ಬೀಸಿದ್ದಾರೆ.

ಆಮೇಲೇನು, ಕಾಲ ತಿರುಗಿತು. ಊರಲ್ಲಿ ಗೋಡೆ ತುಂಬ ಕನ್ನಡಿ ಇರುವ ಜಿಮ್ಮುಗಳು ಬಂದವು. ಹುಡುಗರಿಗೆ ಮಟ್ಟಿಯಲ್ಲಿ ಹೊರಳುವುದಕ್ಕಿಂತ ಕನ್ನಡಿಯಲ್ಲಿ ತೋಳು ನೋಡಿಕೊಳ್ಳುವುದೇ ಹಿತವಾಯಿತು. ಒಬ್ಬೊಬ್ಬರೇ ಜಾರಿಕೊಂಡರು. ಕೆಂಪಣ್ಣನ ಮಂಡಿಗಳು ಸವೆದುಹೋದವು. ಬೆಳಗ್ಗೆ ಬಂದು ದೀಪ ಹಚ್ಚಿ, ಒಣಗಿದ ಮಟ್ಟಿಗೆ ನೀರು ಚಿಮುಕಿಸಿ, ಹೊರಗಿನ ಜಗಲಿಯ ಮೇಲೆ ಕೂತು ಬೀದಿ ನೋಡುತ್ತಿದ್ದ. ಬರುವವರು ಯಾರೂ ಇರುತ್ತಿರಲಿಲ್ಲ. ನನ್ನ ತಲೆಯ ಮೇಲೆ ಜೇಡ ಬಲೆ ಕಟ್ಟಿತು. ಥೂ, ಅದಕ್ಕಿಂತ ಅವಮಾನ ಬೇಕೆ?

ಅಂಥ ದಿನಗಳಲ್ಲೇ ರೋಹಿಣಿ ಬಂದದ್ದು. ಕೆಂಪಣ್ಣನ ತಂಗಿ ಗಿರಿಜಮ್ಮನ ಮಗಳು. ಬೈಕಿನ ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸ. ಎಲುಬಿಗೆ ಚರ್ಮ ಸುತ್ತಿದಂತಿದ್ದಳು, ಕಣ್ಣು ಮಾತ್ರ ಒಂದು ಕಡೆ ನಿಲ್ಲುತ್ತಿರಲಿಲ್ಲ. ಬಂದವಳು ಬಾಗಿಲ ಹೊರಗೇ ನಿಂತು, "ಮಾವ, ನನ್ನ ತಯಾರ್ ಮಾಡು" ಎಂದಳು.

"ಯಾವುದಕ್ಕವ್ವ? ಕುಸ್ತಿಗಾ?"

"ರೇಸಿಗೆ. ಮಣ್ಣಿನ ಟ್ರ್ಯಾಕಲ್ಲಿ ಬೈಕ್ ರೇಸು. ಫಿಲಿಪ್ಪಣ್ಣ ಗಾಡಿ ಕೊಡ್ತೀನಿ ಅಂದವ್ರೆ."

ಫಿಲಿಪ್ ಎಂದರೆ ಆ ಅಂಗಡಿಯ ಪಕ್ಕದ ಗ್ಯಾರೇಜಿನವನು. ತನ್ನ ಕಾಲದಲ್ಲಿ ತಾನೂ ಮಣ್ಣಿನ ರೇಸು ಓಡಿಸಿದವನು. ಅವನೇ ಕೈಯಾರೆ ಕಟ್ಟಿದ ಗಾಡಿಯೊಂದಿತ್ತು; ಅದನ್ನು ಓಡಿಸಲು ಯಾರಾದರೂ ಬೇಕಾಗಿದ್ದರು. ಒಂದು ಭಾನುವಾರ ರೋಹಿಣಿ ಅದನ್ನು ಮೈದಾನದಲ್ಲಿ ಓಡಿಸಿ ತೋರಿಸಿದ್ದಳು. ಅವನಿಗೆ ಅವಳ ಧೈರ್ಯ ಹಿಡಿಸಿತ್ತು, ಆದರೆ ಎರಡು ಸುತ್ತಿಗೇ ಅವಳಿಗೆ ಏದುಸಿರು ಬಂದು ಕಾಲು ನಡುಗಿದ್ದವು.

ಕೆಂಪಣ್ಣ ಗಹಗಹಿಸಿ ನಕ್ಕ. "ಗಾಡಿ ಓಡೋದು ಪೆಟ್ರೋಲಲ್ಲಿ. ನೀನ್ಯಾಕೆ ಬಸ್ಕಿ ಹೊಡೀಬೇಕು?"

"ಕೂತ್ಕೊಂಡು ಓಡ್ಸೋದಲ್ಲ ಮಾವ. ನಿಂತ್ಕೊಂಡೇ ಓಡ್ಸಬೇಕು. ದಿಬ್ಬ ಹಾರಿ ಇಳಿವಾಗ ಗಾಡಿ ಮೈಮೇಲೆ ಬತ್ತದೆ, ಹೋರಿ ಕೊಸರಾಡಿದಂಗೆ. ಬಿಡ್ದೆ ತಡ್ಕೋಬೇಕು. ನನ್ನ ಕೈಲಿ ಆಯ್ತಾ ಇಲ್ಲ."

'ಕೊಸರಾಡುವುದು' ಎಂಬ ಮಾತು ಕೇಳಿದ್ದೇ ತಡ, ಕೆಂಪಣ್ಣನ ಬೆನ್ನು ನೆಟ್ಟಗಾಯಿತು. ಕೊಸರಾಡುವುದನ್ನು ತಡೆದು ಹಿಡಿಯುವುದು ಅವನ ಜೀವಮಾನದ ವಿದ್ಯೆ. "ನಾಳೆ ಕೋಳಿ ಕೂಗೋ ಹೊತ್ಗೆ ಬಾ" ಎಂದ. ಅವಳು ಹೋದ ಮೇಲೆ ಒಳಗೆ ಬಂದು ನನ್ನ ತಲೆಯ ಮೇಲಿನ ಜೇಡರ ಬಲೆ ಒರೆಸಿದ. ಅವನ ಕೈ ಬೆಚ್ಚಗಿತ್ತು.

ಒಂದು ತೊಡಕಿತ್ತು. ಗರಡಿಯ ಮಟ್ಟಿಯನ್ನು ಹೆಣ್ಣುಮಕ್ಕಳು ತುಳಿಯುವಂತಿಲ್ಲ ಎಂಬ ಕಟ್ಟಳೆ. ಕೆಂಪಣ್ಣ ಅದನ್ನು ಮೀರಲಿಲ್ಲ, ಅವಳೂ ಕೇಳಲಿಲ್ಲ. ಸಾಮು ಹೊರಗಿನ ಅಂಗಳದಲ್ಲಿ ಎಂದಾಯಿತು. ನನ್ನನ್ನು ಅಂಗಳಕ್ಕೆ ಹೊತ್ತು ತಂದರು. ನಿಜ ಹೇಳುತ್ತೇನೆ, ನನಗೆ ಅಸಾಧ್ಯ ಕೋಪ ಬಂತು. ಆಂಜನೇಯನ ಪಕ್ಕದಲ್ಲಿದ್ದ ನಾನು ಬೀದಿ ನಾಯಿಗಳ ಮುಂದೆ! ಮಟ್ಟಿಯೂ ಹೊರಗೆ ಬಂತು, ಒಂದು ತೆಂಗಿನ ಚಿಪ್ಪಿನಲ್ಲಿ. ರೋಹಿಣಿ ಅದನ್ನು ಅಂಗೈಗೆ ಉಜ್ಜಿಕೊಂಡು, ನನಗೆ ಕೈ ಮುಗಿದು ಎತ್ತಿದಳು. ಮೊದಲ ದಿನ ಎದೆಯ ಮಟ್ಟಕ್ಕೂ ಬರಲಿಲ್ಲ, ಧೊಪ್ಪನೆ ಕೈಬಿಟ್ಟಳು. ಎರಡನೆಯ ದಿನ ಮತ್ತೆ ಬಂದಳು. ಅಂಗೈ ಬೊಬ್ಬೆ ಎದ್ದು ಒಡೆದಿತ್ತು, ಬಟ್ಟೆ ಸುತ್ತಿಕೊಂಡಿದ್ದಳು. ಆ ಬಟ್ಟೆಯೊಳಗಿನ ಬಿಸಿ ನನಗೆ ತಾಗಿತು. ನನ್ನ ಕೋಪ ಅರ್ಧ ಇಳಿಯಿತು.

ಉಳಿದದ್ದು ಮಳೆಗಾಲದ ಹೊತ್ತಿಗೆ ಇಳಿಯಿತು. ದಂಡ ಹೊಡೆದಳು, ಬಸ್ಕಿ ಹೊಡೆದಳು, ಮೆಟ್ಟಿಲು ಹತ್ತಿ ಇಳಿದಳು, ಬಾದಾಮಿ ಅರೆದ ಹಾಲು ಕುಡಿದಳು. ತೊಡೆ ಗಟ್ಟಿಯಾಯಿತು, ಉಸಿರು ಉದ್ದವಾಯಿತು. ಎಲ್ಲಕ್ಕಿಂತ ಹೆಚ್ಚು ಬೆಳೆದದ್ದು ಮುಂಗೈ. "ಹಿಂಡು! ನೀರು ಸೋರಂಗೆ ಹಿಂಡಿ ಹಿಡಿ!" ಎಂದು ಕೆಂಪಣ್ಣ ಜಗಲಿಯಿಂದ ಕೂಗುತ್ತಿದ್ದ. ಅವಳು ನನ್ನನ್ನು ಹಿಂಡಿ ಹಿಡಿಯುತ್ತಿದ್ದಳು. ಒಂದು ಬೆಳಗ್ಗೆ ಅವನು ಅವಳ ಮುಂಗೈ ಅದುಮಿ, "ಕಲ್ಲು ಕಣವ್ವ" ಎಂದ. ಎಷ್ಟೋ ವರ್ಷದಿಂದ ಆ ಮಾತು ಆ ಅಂಗಳದಲ್ಲಿ ಕೇಳಿಸಿರಲಿಲ್ಲ. ಅವನ ಕಣ್ಣು ಒದ್ದೆಯಾದದ್ದನ್ನು ನಾನು ನೋಡಿದೆ.

ಫಿಲಿಪ್ ಒಂದು ದಿನ ಬಂದು ಸಾಮು ನೋಡಿದ. ನೋಡಿ ತಲೆ ಕೆರೆದುಕೊಂಡ. "ಉಸ್ತಾದ್ರೆ, ತಪ್ಪು ತಿಳ್ಕೋಬೇಡಿ. ಹ್ಯಾಂಡಲ್ ಇಷ್ಟು ಬಿಗಿಯಾಗಿ ಹಿಡೀಬಾರ್ದು. ಸಡಿಲ ಇರ್ಬೇಕು."

"ಸಡಿಲ ಹಿಡಿದೋನು ಅಖಾಡದಲ್ಲಿ ಗೆದ್ದದ್ದು ನೀವು ನೋಡಿದ್ದೀರಾ ಸ್ವಾಮಿ?" ಎಂದ ಕೆಂಪಣ್ಣ, ಮುಖ ಗಂಟಿಕ್ಕಿ.

ರೋಹಿಣಿ ಇಬ್ಬರ ಮುಖವನ್ನೂ ನೋಡಿದಳು. ಆಮೇಲೆ ನನ್ನನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಮಾವನ ಮುಂದೆ ಬೇರೆ ಏನು ತಾನೆ ಮಾಡಿಯಾಳು?

ಮೊದಲ ರೇಸು ಹಾಸನದ ಕಡೆ ಎಲ್ಲೋ ಆಯಿತು, ಕೆಂಪಣ್ಣ ಹೋಗಲಿಲ್ಲ. ಅವಳು ಮರುದಿನ ಬಂದು ತಲೆ ತಗ್ಗಿಸಿ ಕೂತಳು. ಶುರುವಿನಲ್ಲಿ ಎಲ್ಲರಿಗಿಂತ ಮುಂದಿದ್ದಳಂತೆ. ನಾಲ್ಕಾರು ಸುತ್ತು ಆಗುವಷ್ಟರಲ್ಲಿ ಎರಡೂ ಮುಂಗೈ ಊದಿ ಬಿಗಿದುಕೊಂಡು, ಬೆರಳಿಗೆ ಜೋಮು ಹತ್ತಿ, ಬ್ರೇಕು ಕ್ಲಚ್ಚು ಯಾವುದೂ ಹಿಡಿಯಲಾಗದೆ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿಬಿಟ್ಟಳಂತೆ. ಕೈಗವಸನ್ನು ಬೇರೆಯವರು ಎಳೆದು ತೆಗೆಯಬೇಕಾಯಿತಂತೆ.

"ಶಕ್ತಿ ಸಾಲ್ದು, ಅಷ್ಟೆಯ" ಎಂದ ಕೆಂಪಣ್ಣ.

ಸಾಮು ದುಪ್ಪಟ್ಟಾಯಿತು. ನನ್ನ ತಲೆಗೆ ಮರಳಿನ ಚೀಲ ಕಟ್ಟಿದರು. ಅದು ಸಾಲದೆಂದು ಕೋಲಿಗೆ ಹಗ್ಗ ಕಟ್ಟಿ, ಹಗ್ಗಕ್ಕೆ ಇಟ್ಟಿಗೆ ತೂಗಿಬಿಟ್ಟು, ಕೋಲನ್ನು ಎರಡೂ ಕೈಯಲ್ಲಿ ತಿರುವಿ ತಿರುವಿ ಮೇಲೆ ಸುತ್ತಿಸಿದ. ರೋಹಿಣಿಗೆ ಊಟದ ತುತ್ತು ಎತ್ತುವಾಗ ಕೈ ನಡುಗುತ್ತಿತ್ತು. ಗಿರಿಜಮ್ಮ ಬಂದು, "ಅಣ್ಣಾ, ನನ್ನ ಮಗಳನ್ನ ಏನ್ ಮಾಡಬೇಕೂಂತಿದ್ದೀಯ?" ಎಂದು ಅತ್ತಳು. ಇವನು ಕೇಳಲಿಲ್ಲ. ಅವಳು ಸೋತರೆ ತನ್ನ ವಿದ್ಯೆಯೇ ಸೋತಂತೆ ಎಂದು ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಅವಳು ಕೊನೆಯ ಶಿಷ್ಯೆ. ಅವಳೂ ಕೈಬಿಟ್ಟು ಕನ್ನಡಿಯ ಜಿಮ್ಮಿಗೆ ಹೋದರೆ ಗರಡಿಗೆ ಬೀಗವೇ ಗತಿ.

ಎರಡನೆಯ ರೇಸು ಮೈಸೂರಿನಲ್ಲೇ, ಊರ ಹೊರಗಿನ ಮೈದಾನದಲ್ಲಿ. ಕೆಂಪಣ್ಣ ಹೊರಟ, ಫಿಲಿಪ್ಪನ ಓಮ್ನಿ ವ್ಯಾನಿನಲ್ಲಿ ನನ್ನನ್ನೂ ಹಾಕಿಕೊಂಡು. ಅಬ್ಬಬ್ಬಾ, ಏನು ಸದ್ದು, ಏನು ಧೂಳು! ಕೆಮ್ಮಣ್ಣನ್ನು ಗುಡ್ಡೆ ಹಾಕಿ ದಿಬ್ಬಗಳನ್ನು ಮಾಡಿದ್ದರು. ಕೆಂಪಣ್ಣ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಮೂಸಿ ನೋಡಿ, "ಪರವಾಗಿಲ್ಲ, ಮಟ್ಟಿ ಚೆನ್ನಾಗೈತೆ" ಎಂದ. ಫಿಲಿಪ್ಪನಿಗೆ ನಗು ತಡೆಯಲಾಗಲಿಲ್ಲ. ಆದರೆ ಮರುಕ್ಷಣ ಅವನು ನಗು ನುಂಗಿ ರೋಹಿಣಿಗೆ ಹೇಳಿದ: "ನೋಡಮ್ಮ, ಕಷ್ಟಪಟ್ಟು ಕಟ್ಟಿರೋ ಗಾಡಿ. ಗೆಲ್ಲು ಅಂತ ನಾನು ಹೇಳಲ್ಲ. ಕೊನೇ ಸುತ್ತಿನವರೆಗೂ ಓಡ್ಸು. ಇವತ್ತೂ ಮುಗಿಸ್ಲಿಲ್ಲ, ಇದಾದ ಮೇಲಿನ ರೇಸೂ ಮುಗಿಸ್ಲಿಲ್ಲ ಅಂದ್ರೆ ಗಾಡಿ ಬೇರೆಯವರಿಗೆ ಕೊಡಬೇಕಾಗ್ತದೆ."

ಕೆಂಪಣ್ಣ ಅವಳ ಅಂಗೈಗೆ ತಾನೇ ಮಟ್ಟಿ ಉಜ್ಜಿದ. ರೇಸಿಗೆ ಮೊದಲು ಮೈ ಬಿಸಿಯಾಗಲೆಂದು ನನ್ನನ್ನು ಅವಳ ಕೈಗಿತ್ತು ಬೀಸಿಸಿದ. ಸುತ್ತ ನಿಂತ ಹುಡುಗರು ಫೋನಿನಲ್ಲಿ ಚಿತ್ರ ತೆಗೆದರು. ನಾನು ಜಂಬದಿಂದ ಸುತ್ತಿದೆ. ಅವಳ ಮುಂಗೈ ಆಗಲೇ ಬಿಗಿದು ನರ ಉಬ್ಬಿದ್ದವು. ಅದು ಗೊತ್ತಾದದ್ದು ನನಗೊಬ್ಬನಿಗೆ. ನನಗೋ ಬಾಯಿಲ್ಲ.

ಗಾಡಿಗಳ ಮುಂದೆ ಅಡ್ಡ ಕಟ್ಟಿದ್ದ ಹಗ್ಗ ಬಿದ್ದಿತು, ಗಾಡಿಗಳು ನುಗ್ಗಿದವು. ರೋಹಿಣಿ ಮೂರನೆಯವಳಾಗಿ ತಿರುವಿಗೆ ಬಂದಳು. ಕೆಂಪಣ್ಣ ನನ್ನನ್ನು ಊರುಗೋಲಿನಂತೆ ಊರಿಕೊಂಡು, "ಬಿಗಿ ಹಿಡಿ! ಬಿಡಬ್ಯಾಡ!" ಎಂದು ಗಂಟಲು ಹರಿಯುವಂತೆ ಕೂಗಿದ. ಸ್ವಲ್ಪ ಹೊತ್ತು ಎಲ್ಲ ಸರಿಯಿತ್ತು. ಆಮೇಲೆ ಅವಳ ಭುಜ ಕಿವಿಗೆ ಏರಿದವು. ಮೊಣಕೈ ಮರಗಟ್ಟಿತು. ದೊಡ್ಡ ದಿಬ್ಬ ಹಾರಿ ಇಳಿದವಳು ಬ್ರೇಕು ಹಿಡಿಯಬೇಕಾದ ಕಡೆ ಹಿಡಿಯಲಿಲ್ಲ. ಹಿಡಿಯಲು ಆಗಲಿಲ್ಲ. ನೇರ ಹೋಗಿ ಟೈರುಗಳ ತಡೆಗೋಡೆಗೆ ಬಡಿದು, ಗಾಡಿಯ ಕೆಳಗೆ ಬಿದ್ದಳು. ಕೆಂಪಣ್ಣನ ಎದೆ ಧಸಕ್ಕೆಂದದ್ದು ನನ್ನ ಹಿಡಿಯವರೆಗೂ ಕೇಳಿಸಿತು.

ದೇವರು ದೊಡ್ಡವನು, ಮೂಳೆ ಮುರಿದಿರಲಿಲ್ಲ. ಗದ್ದದ ಕೆಳಗೆ ಸೀಳಿತ್ತು, ಪಕ್ಕೆ ಜಜ್ಜಿತ್ತು. ಅವಳನ್ನು ಓಮ್ನಿಯ ನೆರಳಿಗೆ ತಂದು ಕೂರಿಸಿದರು. ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲು ಅವಳ ಬೆರಳು ಬಾಗಲಿಲ್ಲ. "ಕೈ ಬರ್ತಾ ಇಲ್ಲ ಮಾವ, ಕೈ ಬರ್ತಾ ಇಲ್ಲ" ಎಂದು ಮಗುವಿನಂತೆ ಅತ್ತಳು. ಕೆಂಪಣ್ಣ ರೂಢಿಯಂತೆ ಅವಳ ಮುಂಗೈ ಹಿಡಿದು ಹೆಬ್ಬೆರಳು ಊರಿದ. ಬೆರಳು ಒಂದು ಕೂದಲಷ್ಟೂ ಇಳಿಯಲಿಲ್ಲ.

"ಕಲ್..." ಎಂದವನು ಅಲ್ಲಿಗೇ ನಿಲ್ಲಿಸಿದ. ಅವನ ಮುಖ ಬಿಳಿಚಿಕೊಂಡಿತು.

ಅಷ್ಟರಲ್ಲಿ ಬೇರೆ ಗುಂಪಿನವರ ರೇಸು ಶುರುವಾಗಿತ್ತು. ಅವನು ಎದ್ದು ಟ್ರ್ಯಾಕಿನ ಅಂಚಿಗೆ ಹೋಗಿ ನಿಂತ. ಎಲ್ಲರಿಗಿಂತ ಮುಂದೆ ಒಬ್ಬ ನರಪೇತಲ ಆಸಾಮಿ ಓಡಿಸುತ್ತಿದ್ದ. ವಯಸ್ಸಾದವನೇ, ಹೆಲ್ಮೆಟ್ಟಿನ ಕೆಳಗೆ ನರೆತ ಗಡ್ಡ ಇಣುಕುತ್ತಿತ್ತು. ತೋಳು ಕಡ್ಡಿಯಂತಿದ್ದವು. ಅವನ ಗಾಡಿ ಕೆಳಗೆ ಎಷ್ಟು ಕುಣಿದರೂ ಅವನ ಕೈ ಕುಣಿಯುತ್ತಿರಲಿಲ್ಲ. ಬೆರಳುಗಳು ಹ್ಯಾಂಡಲಿನ ಮೇಲೆ ಸುಮ್ಮನೆ ಕೂತಂತಿದ್ದವು. ಕೆಂಪಣ್ಣ ಕಣ್ಣು ಕಿರಿದು ಮಾಡಿ ಅವನ ಕಾಲು ನೋಡಿದ. ಸುತ್ತಿನ ಮೇಲೆ ಸುತ್ತು ಅದನ್ನೇ ನೋಡಿದ.

"ಫಿಲಿಪ್ಪಣ್ಣ," ಎಂದ ಕೊನೆಗೆ, "ಇವ ಕೈಲಿ ಹಿಡ್ದೇ ಇಲ್ಲ. ಮಂಡಿಲಿ ಹಿಡ್ದವ್ನೆ. ಗಾಡಿಗೆ ಕಾಲ್ಕತ್ತರಿ ಹಾಕವ್ನೆ!"

"ಅದೇ ಉಸ್ತಾದ್ರೆ ನಾನು ಅವತ್ತು ಹೇಳಿದ್ದು."

ಊರಿಗೆ ಬರುವವರೆಗೂ ನಾನು ಓಮ್ನಿಯಲ್ಲಿ ಅವರ ಕಾಲ ಬುಡದಲ್ಲಿ ಉರುಳಾಡುತ್ತ ಬಂದೆ.

ಅವಳ ಗಾಯ ಮಾಗುವವರೆಗೆ ಅವನು ಗರಡಿಯೊಳಗೆ ಒಬ್ಬನೇ ಕೂತು ತನ್ನ ಮುಷ್ಟಿಯನ್ನೇ ಬಿಚ್ಚಿ ಮುಚ್ಚಿ ನೋಡಿಕೊಳ್ಳುತ್ತಿದ್ದ. ಅವಳು ಮತ್ತೆ ಸಾಮಿಗೆ ಬಂದ ಬೆಳಗ್ಗೆ ಮನೆಯಿಂದ ಹರಳೆಣ್ಣೆಯ ಶೀಶೆ ತಂದಿದ್ದ. ಪಾಪ, ನನ್ನ ತಲೆ ಒಣಗಿದೆಯೆಂದು ಎಣ್ಣೆ ಹಚ್ಚುತ್ತಾನೆ ಎಂದುಕೊಂಡೆ. ಅವನು ಶೀಶೆಯನ್ನು ನೇರ ನನ್ನ ಹಿಡಿಯ ಮೇಲೆ ಬಗ್ಗಿಸಿದ. ಅಯ್ಯೋ ಶಿವನೇ! ಹುಟ್ಟಿದಂದಿನಿಂದ ಒಂದು ತೊಟ್ಟು ಎಣ್ಣೆ ಕಾಣದ ಹಿಡಿ! ಇವನಿಗೆ ತಲೆ ಕೆಟ್ಟಿದೆ ಎಂದು ನಾನು ತೀರ್ಮಾನಿಸಿದೆ.

ರೋಹಿಣಿಯೂ ಹಾಗೇ ಅಂದುಕೊಂಡಿರಬೇಕು. "ಮಾವ, ಜಾರ್ತದೆ."

"ಜಾರ್ಲಿ ಅಂತ್ಲೇ ಹಚ್ಚಿರೋದು. ಈಗ ಎಷ್ಟು ಹಿಂಡಿದ್ರೂ ಪ್ರಯೋಜನ ಇಲ್ಲ. ಹಿಂಡಿದಷ್ಟೂ ಜಾರ್ತದೆ. ಬೆರಳನ್ನ ಕೊಕ್ಕೆ ಮಾಡಿ ತಗಲಾಕು, ಅಷ್ಟೆ. ಎತ್ತೋದು ಸೊಂಟ, ತಿರುಗ್ಸೋದು ಬೆನ್ನು. ಕೈಗೆ ಏನೂ ಕೆಲಸ ಇಲ್ಲ ಅನ್ಕೋ."

ತೊಡೆಗಳ ನಡುವೆ ಮರಳಿನ ಚೀಲ ಅವುಚಿಕೊಂಡು ಬಸ್ಕಿ ಹೊಡೆಯುವುದು ಇನ್ನೊಂದು ಹೊಸ ಸಾಮು. ಚೀಲ ಬಿದ್ದರೆ ಮೊದಲಿಂದ. ಅದೆಲ್ಲ ಅವಳಿಗೆ ಒಲಿಯಿತು. ನನ್ನ ವಿಷಯ ಮಾತ್ರ ಒಲಿಯಲಿಲ್ಲ. ತಿಂಗಳುಗಟ್ಟಲೆ ಹಿಂಡುವುದನ್ನೇ ಕಲಿತ ಕೈ ಅದು; ಜಾರುತ್ತದೆ ಎನಿಸಿದ ಕೂಡಲೇ ಹೆದರಿ ಮುಷ್ಟಿ ಬಿಗಿಯುತ್ತಿತ್ತು. ಬಿಗಿದ ಕೂಡಲೇ ನಾನು ಜಾರಿ ದೊಪ್ಪನೆ ಬೀಳುತ್ತಿದ್ದೆ. ಬಿದ್ದಾಗಲೆಲ್ಲ ಅವಳು ಬೈದುಕೊಳ್ಳುತ್ತಿದ್ದಳು, ನನ್ನನ್ನಲ್ಲ, ತನ್ನ ಕೈಯನ್ನು.

ಒಂದು ದಿನ ಹೇಗಾಯಿತೋ. ಅವಳು ನನ್ನನ್ನು ಬೆನ್ನಿನಿಂದ ಮುಂದಕ್ಕೆ ತರುತ್ತಿದ್ದಳು. ಬೀಸು ಚೆನ್ನಾಗಿತ್ತು. ಕೊನೆಗಳಿಗೆಯಲ್ಲಿ ಹೆದರಿ ಹಿಂಡಿದಳು. ನಾನು ಅವಳ ಮುಷ್ಟಿಯಿಂದ ಸಾಬೂನಿನಂತೆ ಚಿಮ್ಮಿದೆ. ಎದುರಿಗೆ ಜಗಲಿ. ಜಗಲಿಯ ಕಲ್ಲಿನ ಅಂಚಿನ ಮೇಲೆ ಕೈಯೂರಿ ಕೂತಿದ್ದ ಕೆಂಪಣ್ಣ. ತಡೆಯಲು ನನಗೆ ಕೈಯಿಲ್ಲ, ತಿರುಗಲು ಕಾಲಿಲ್ಲ. ನನ್ನ ತಲೆಯ ಅಷ್ಟೂ ಭಾರ ಹೋಗಿ ಅವನ ಬಲಗೈಯ ಮೇಲೆ ಬಿತ್ತು. ಆ ಕೈಯ ಮೇಲೆ, ದಸರಾದಲ್ಲಿ ಗೆದ್ದು ಬಂದು ನನಗೆ ಮುಗಿಯುತ್ತಿದ್ದ ಕೈಯ ಮೇಲೆ. ಒಳಗೆ ಎಲುಬುಗಳು ಪುಡಿಯಾದ ಸದ್ದು ನನಗೆ ಕೇಳಿಸಿತು. ಅಲ್ಲಿಂದ ಪುಟಿದು ಕಲ್ಲಿಗೆ ಬಡಿದೆ. ನನ್ನ ಕುತ್ತಿಗೆಯ ಹತ್ತಿರ ಉದ್ದಕ್ಕೆ ಬಿರುಕು ಬಿಟ್ಟಿತು. ನನ್ನ ನೋವು ನನಗೆ ಲೆಕ್ಕಕ್ಕೇ ಬರಲಿಲ್ಲ.

ಆಸ್ಪತ್ರೆಯಿಂದ ಬಂದ ಕೆಂಪಣ್ಣನ ಕೈಯಲ್ಲಿ ಮೊಣಕೈವರೆಗೆ ಬಿಳಿ ಕಟ್ಟು. ಬೆರಳುಗಳು ಇನ್ನು ಪೂರ್ತಿ ಮಡಚುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ರೋಹಿಣಿ ಎಷ್ಟೋ ದಿನ ಆ ಬೀದಿಗೇ ಕಾಲಿಡಲಿಲ್ಲ. ಕೊನೆಗೊಂದು ಬೆಳಗ್ಗೆ ಬಂದು, ಜಗಲಿಯ ಕೆಳಗೆ ನೆಲದ ಮೇಲೆ ಕೂತಳು. ಮುಖ ಎತ್ತಲಿಲ್ಲ.

"ಫಿಲಿಪ್ಪಣ್ಣನಿಗೆ ಹೇಳ್ಬಿಟ್ಟೆ ಮಾವ. ಗಾಡಿ ಬೇರೆಯವ್ರಿಗೆ ಕೊಡಿ ಅಂದೆ. ನಾನಿನ್ನು ಮುಟ್ಟಲ್ಲ. ನಿನ್ನ ಕೈ ಮುರ್ದುಬಿಟ್ಟೆ..."

"ನೀನು ಮುರೀಲಿಲ್ಲ ಕಣವ್ವ" ಎಂದ ಕೆಂಪಣ್ಣ. ಅವನ ಧ್ವನಿ ಅಷ್ಟು ಮೆತ್ತಗಾದದ್ದನ್ನು ನಾನು ಕೇಳಿರಲಿಲ್ಲ. "ಬಿಗಿ ಹಿಡಿಯೋದನ್ನ ನಾನು ಅಷ್ಟು ಚೆನ್ನಾಗಿ ಕಲಿಸ್ಬಿಟ್ಟಿದ್ದೆ. ಬಿಡೋದನ್ನ ನಮ್ಮ ಗುರುವೂ ನಂಗೆ ಕಲಿಸ್ಲಿಲ್ಲ, ನಾನೂ ನಿಂಗೆ ಕಲಿಸ್ಲಿಲ್ಲ. ಈಗ ನೀನು ಬಿಟ್ಟು ಹೋದ್ರೆ ಈ ಕೈ ದಂಡಕ್ಕೆ ಮುರೀತು ಅಂತ ಆಯ್ತದೆ. ಹಂಗೆ ಮಾಡಬ್ಯಾಡ. ಹೋಗು, ಒಳಕ್ಕೋಗಿ ಗದೆ ತಗಂಡ್ ಬಾ. ನನ್ನ ಕೈಲಿ ಎತ್ತಕ್ಕಾಗಲ್ಲ."

ಅವಳು ಗಿಡ್ಡ ಬಾಗಿಲಿನ ಮುಂದೆ ಹೋಗಿ ನಿಂತಳು. ತಿರುಗಿ ಅವನ ಮುಖ ನೋಡಿದಳು. ಅವನು ಬೀದಿಯ ಕಡೆ ನೋಡುತ್ತ ಕೂತಿದ್ದ. ಅವಳು ಚಪ್ಪಲಿ ಬಿಟ್ಟು, ತಲೆ ಬಗ್ಗಿಸಿ ಒಳಗೆ ಬಂದಳು. ಮಟ್ಟಿಯ ಮೇಲೆ ಹೆಜ್ಜೆ ಇಟ್ಟು ಬಂದಳು, ಬೇರೆ ದಾರಿ ಇರಲಿಲ್ಲ. ಗೂಡಿನ ಆಂಜನೇಯ ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ನನ್ನ ಬಿರುಕಿಗೆ ಸೈಕಲ್ ಟ್ಯೂಬಿನ ರಬ್ಬರು ಎಳೆದು ಸುತ್ತಿದಳು. ಹಿಡಿಗೆ ತಾನೇ ಎಣ್ಣೆ ಸವರಿದಳು. ಅವಳು ಬೇಡ ಬೇಡವೆಂದರೂ ಕೆಂಪಣ್ಣ ಜಗಲಿಯ ಅದೇ ಜಾಗದಲ್ಲಿ ಕೂತ. "ಇಲ್ಲೇ ಕೂತಿರ್ತೀನಿ. ಹಿಂಡಬ್ಯಾಡ" ಎಂದಷ್ಟೇ ಹೇಳಿದ.

ಅವಳು ಹಿಂಡಲಿಲ್ಲ. ಬೆರಳುಗಳನ್ನು ಬಾಗಿಸಿ ನನ್ನನ್ನು ತಗುಲಿಸಿಕೊಂಡಳು, ಅಷ್ಟೆ. ನನಗೆ ಜೀವ ಬಾಯಿಗೆ ಬಂತು. ಹಿಂಡುವ ಕೈ ಇಲ್ಲದೆ ನಾನು ಗಾಳಿಯಲ್ಲಿ ಹೋದದ್ದೇ ಇಲ್ಲ. ಮತ್ತೆ ಬೀಳುತ್ತೇನೆ, ಮತ್ತೆ ಅವನ ಮೇಲೆ ಬೀಳುತ್ತೇನೆ ಎಂದು ನಡುಗಿದೆ. ಬೀಳಲಿಲ್ಲ. ಅವಳ ಸೊಂಟ ತಿರುಗಿತು, ಬೆನ್ನು ತಿರುಗಿತು, ನಾನು ತೊಟ್ಟಿಲಿನಂತೆ ಸುಮ್ಮನೆ ತೂಗಿ ಬಂದೆ. ಇಷ್ಟು ವರ್ಷ ಎಲ್ಲರ ಬಲವನ್ನೂ ಬಲ್ಲೆನೆಂದು ಮೆರೆದ ನನಗೆ ಇಂಥದ್ದೊಂದಿದೆ ಎಂದು ಗೊತ್ತೇ ಇರಲಿಲ್ಲ. ದಿನವೂ ಅದೇ ಸಾಮು ನಡೆಯಿತು. ಫಿಲಿಪ್ ಗಾಡಿಯನ್ನು ಯಾರಿಗೂ ಕೊಟ್ಟಿರಲಿಲ್ಲ. "ಇನ್ನೊಂದು ರೇಸ್ ಉಳ್ದಿದೆಯಲ್ಲ, ಆಮೇಲೆ ನೋಡೋಣ" ಎಂದನಂತೆ.

ಆ ರೇಸಿನ ದಿನ ನನ್ನನ್ನು ಒಯ್ಯಲಿಲ್ಲ. ಬಿರುಕು ಬಿಟ್ಟವರಿಗೆ ಅಲ್ಲೇನು ಕೆಲಸ? ಕೆಂಪಣ್ಣನೂ ಹೋಗಲಿಲ್ಲ. "ನಾನಲ್ಲಿದ್ರೆ 'ಬಿಗಿ ಹಿಡಿ' ಅಂತ ಕೂಗ್ಬುಡ್ತೀನಿ" ಎಂದ. ನನ್ನನ್ನು ಜಗಲಿಗೆ ಒರಗಿಸಿಕೊಂಡು ಬೆಳಗಿನಿಂದ ಕೂತ. ಗಿರಿಜಮ್ಮ ತಂದಿಟ್ಟ ಊಟ ಆರಿ ಹೋಯಿತು. ಫೋನು ಮಡಿಲಲ್ಲೇ ಇತ್ತು, ಸದ್ದಿಲ್ಲ. ಬೀದಿಯಲ್ಲಿ ಆಂಬುಲೆನ್ಸ್ ಒಂದು ಹೋದರೆ ಎದ್ದು ನಿಂತುಬಿಟ್ಟ. ಅದು ದಾಟಿ ಹೋದ ಮೇಲೆ ಕೂತು, "ಏನು ಮಾಡಿಬಿಟ್ನಪ್ಪಾ ನಾನು" ಎಂದು ಎಡಗೈಯಲ್ಲಿ ಹಣೆ ಹಿಡಿದುಕೊಂಡ.

ಹೊತ್ತು ಮುಳುಗುವ ಮುಂಚೆ ಓಮ್ನಿ ಬಂದು ನಿಂತಿತು. ರೋಹಿಣಿ ಇಳಿದಳು, ತಲೆಯಿಂದ ಕಾಲವರೆಗೂ ಕೆಮ್ಮಣ್ಣು. ನಿಧಾನವಾಗಿ ನಡೆದು ಬಂದಳು. ಅವಳು ಬಾಯಿ ತೆರೆಯುವ ಮೊದಲೇ ಕೆಂಪಣ್ಣ, "ಕೈ ಕೊಡವ್ವ" ಎಂದ.

ಅವಳು ಕೈ ಚಾಚಿದಳು. ಅವನು ಎಡಗೈ ಹೆಬ್ಬೆರಳನ್ನು ಅವಳ ಮುಂಗೈಗೆ ಊರಿದ. ಬೆರಳು ಒಳಗೆ ಇಳಿಯಿತು. ಇನ್ನೊಂದು ಕೈಯನ್ನೂ ಅದುಮಿದ. ಅಲ್ಲೂ ಇಳಿಯಿತು.

"ಹಿಟ್ಟು!" ಎಂದು ಕೂಗಿದ ಕೆಂಪಣ್ಣ. "ಹಿಟ್ಟು ಕಣವ್ವ! ಹಸಿ ಹಿಟ್ಟು!" ಅವನ ಕಣ್ಣಿಂದ ದಳದಳನೆ ನೀರು ಸುರಿಯಿತು.

"ಮುಗಿಸ್ದೆ ಮಾವ" ಎಂದಳು ರೋಹಿಣಿ, ಅವಳೂ ಅಳುತ್ತ. "ಕೊನೇ ಸುತ್ತಿನವರೆಗೂ. ಕೊನೆಯಿಂದ ಎರಡನ್ಯೋಳು."

ಓಮ್ನಿಯ ಬಾಗಿಲಿಗೆ ಒರಗಿ ನಿಂತಿದ್ದ ಫಿಲಿಪ್, "ಹೆಲ್ಮೆಟ್ ಅವಳೇ ಬಿಚ್ಚಿಕೊಂಡಳು ಉಸ್ತಾದ್ರೆ" ಎಂದ. ಗಾಡಿಯ ಮಾತನ್ನು ಅವನು ಎತ್ತಲಿಲ್ಲ. ಎತ್ತಬೇಕಾದ್ದೂ ಇರಲಿಲ್ಲ.

ಈಗ ನಾನು ಮತ್ತೆ ಆಂಜನೇಯನ ಪಟದ ಕೆಳಗಿದ್ದೇನೆ. ಬಿರುಕು ಬೆಳೆದಿದೆ, ಇನ್ನು ನನ್ನನ್ನು ಬೀಸುವಂತಿಲ್ಲ. ರೋಹಿಣಿಗೆ ಹೊಸ ಗದೆಯೊಂದು ಬಂದಿದೆ, ಅದು ನನಗಿಂತ ಚೆಂದವೇನಲ್ಲ. ಅವಳು ಸಾಮು ಮಾಡುವುದು ಈಗ ಒಳಗೇ. ಅವಳನ್ನು ನೋಡಿ ಇನ್ನಿಬ್ಬರು ಹುಡುಗಿಯರು ಬರುತ್ತಾರೆ. ನನ್ನ ಹಿಡಿಗೆ ಕುಡಿಸಿದ ಎಣ್ಣೆ ಆರಿಯೇ ಇಲ್ಲ. ಧೂಳು ಬಂದು ಅಂಟುತ್ತದೆ, ಬಡಗಿ ನೋಡಿದ್ದರೆ ಬೈಯುತ್ತಿದ್ದ. ಒಲೆಗೆ ಹಾಕುವ ಮಾತು ಒಮ್ಮೆ ಬಂದಿತ್ತು. ಕೆಂಪಣ್ಣ ಒಪ್ಪಲಿಲ್ಲ. "ಅದು ಇರ್ಲಿ" ಎಂದ.

ಅವನ ಬಲಗೈಯ ಕಟ್ಟು ಬಿಚ್ಚಿ ಬಹಳ ದಿನವಾಯಿತು. ಬೆರಳುಗಳು ಅರ್ಧಕ್ಕೆ ನಿಂತಿವೆ. ಟೀ ಲೋಟವನ್ನು ಎಡಗೈಯಲ್ಲಿ ಹಿಡಿಯುತ್ತಾನೆ. ನನ್ನ ಮೇಲೆ ಅವನಿಗೆ ಕೋಪವಿದೆಯೋ ಎಂದು ಬಹಳ ದಿನ ಹೆದರಿದ್ದೆ. ಬೆಳಗ್ಗೆ ದೀಪ ಹಚ್ಚಿದ ಮೇಲೆ ಅವನು ನನ್ನ ಹತ್ತಿರ ಬಂದು, ಆ ಕೈಯನ್ನು ನನ್ನ ಹಿಡಿಯ ಮೇಲೆ ಇಡುತ್ತಾನೆ. ಮುಚ್ಚಲು ಆಗುವುದಿಲ್ಲ. ಸುಮ್ಮನೆ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಲ್ಲುತ್ತಾನೆ. ಎಷ್ಟೋ ಕೈಗಳು ನನ್ನನ್ನು ಹಿಂಡಿ ಹಿಡಿದಿವೆ, ಆ ಕೈಯೂ ಹಿಡಿದಿತ್ತು. ಹೀಗೆ ಯಾರೂ ಹಿಡಿದಿರಲಿಲ್ಲ.